ಥರ್ಮೋಕಪಲ್ ರೀಡಿಂಗ್ ಹಗಲಿಗೊಂದು ಇರುಳಿಗೊಂದಾ? ಕೋಲ್ಡ್ ಜಂಕ್ಷನ್ ಸರಿಮಾಡುವ ಹಂತಗಳು

ಬೆಳಗ್ಗೆ ಫರ್ನೇಸ್ ರೀಡಿಂಗ್ ಸರಿಯಾಗಿ ಇರುತ್ತದೆ. ಮಧ್ಯಾಹ್ನ ಎಂಟು ಡಿಗ್ರಿ ಆಚೀಚೆ. ರಾತ್ರಿ ಮತ್ತೆ ಸರಿ. ಮೊದಲು ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಜೋಡಿಸಿ ಮಾಡಿದ ತಾಪಮಾನದ ಸೆನ್ಸರ್) ಬದಲಾಯಿಸುತ್ತಾರೆ, ಆಮೇಲೆ ಕಂಟ್ರೋಲರ್. ಎರಡಕ್ಕೂ ಬಗ್ಗದಿದ್ದರೆ ಮೆನುವಿನಲ್ಲಿ ಆಫ್‌ಸೆಟ್ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಎಂಟು ತುಂಬಿ ಕೈ ತೊಳೆದುಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಅದೇ ದೂರು ವಾಪಸ್.

ಹೊತ್ತಿಗೆ ತಕ್ಕಂತೆ ಏರಿಳಿಯುವ ತಪ್ಪು ಕಂಡರೆ ನಾನು ಮೊದಲು ನೋಡುವುದು ಬಿಸಿ ತುದಿಯನ್ನಲ್ಲ. ಕಂಟ್ರೋಲರ್ ಇರುವ ಪ್ಯಾನೆಲ್ ಒಳಗಿನ ಟರ್ಮಿನಲ್ ಅನ್ನು, ಅಂದರೆ ತಂತಿ ಕಟ್ಟುವ ಸ್ಕ್ರೂಗಳನ್ನು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ಬದಲಿಸಿದರೆ ಒಂದೇ ತಪ್ಪನ್ನು ಎರಡೆರಡು ಸಲ ಹುಡುಕುತ್ತೀರಿ. ಇಲ್ಲಿ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಅಂತಲೇ ತಿಳಿಯಿರಿ.

## ಮೊದಲು ಈ ಲೆಕ್ಕ ಅರ್ಥವಾಗಬೇಕು

ಥರ್ಮೋಕಪಲ್ ತಾಪಮಾನ ಅಳೆಯುವುದಿಲ್ಲ. ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಮಿಲಿವೋಲ್ಟ್ ಆಗಿ ಕೊಡುತ್ತದೆ, ಅಷ್ಟೇ. ಕುಲುಮೆಯೊಳಗಿನದು ಒಂದು ತುದಿ. ಥರ್ಮೋಕಪಲ್ ಲೋಹ ಮುಗಿದು ತಾಮ್ರ ಶುರುವಾಗುವ ಜಾಗ ಇನ್ನೊಂದು ತುದಿ. ಅದೇ ಕೋಲ್ಡ್ ಜಂಕ್ಷನ್. ಹೆಸರು ಕೋಲ್ಡ್ ಅಂತ ಇದ್ದರೂ ಬಿಸಿ ಪ್ಯಾನೆಲ್‌ನಲ್ಲಿ ಅದು 50 ಡಿಗ್ರಿಯೂ ಇರಬಹುದು.

ಯಾವ ತಾಪಮಾನಕ್ಕೆ ಎಷ್ಟು ಮಿಲಿವೋಲ್ಟ್ ಅಂತ ಹೇಳುವ ಪಟ್ಟಿಗಳನ್ನು ಬರೆದಿರುವುದು ಆ ತುದಿ 0 ಡಿಗ್ರಿಯಲ್ಲಿದೆ ಅಂದುಕೊಂಡು. ನಿಮ್ಮ ಟರ್ಮಿನಲ್ 0 ಡಿಗ್ರಿಯಲ್ಲಿ ಇರುವುದಿಲ್ಲ, ಅಲ್ವಾ? ಹಾಗಾಗಿ ಕೊರತೆಯನ್ನು ಕೂಡಿಸಬೇಕು. ಕೂಡಿಸುವುದು ಮಿಲಿವೋಲ್ಟ್‌ನಲ್ಲಿ, ಡಿಗ್ರಿಯಲ್ಲಿ ಅಲ್ಲ.

ಲೋಹಗಳ ಜೋಡಿಗೆ ತಕ್ಕಂತೆ ಥರ್ಮೋಕಪಲ್‌ಗೆ ಕೆ, ಎಸ್, ಜೆ, ಬಿ ಅಂತ ಟೈಪ್‌ಗಳಿವೆ. ಕೆ ಟೈಪ್ ತೆಗೆದುಕೊಳ್ಳಿ. ಟರ್ಮಿನಲ್ 35 ಡಿಗ್ರಿ ಇದೆ, ಮೀಟರ್ 23.498 ಮಿಲಿವೋಲ್ಟ್ ತೋರಿಸುತ್ತಿದೆ. ಪಟ್ಟಿಯಲ್ಲಿ 35 ಡಿಗ್ರಿಗೆ 1.407 ಮಿಲಿವೋಲ್ಟ್. ಕೂಡಿಸಿದರೆ 24.905. ಇದು ಪಟ್ಟಿಯಲ್ಲಿ ಸರಿಯಾಗಿ 600 ಡಿಗ್ರಿ.

ಹಲವರು ಏನು ಮಾಡುತ್ತಾರೆ ಗೊತ್ತಾ? 23.498ಕ್ಕೆ ಸೀದಾ ಪಟ್ಟಿ ನೋಡಿ 567 ಅಂತ ಬರೆದು, ಅದಕ್ಕೆ 35 ಕೂಡಿಸುತ್ತಾರೆ. 602 ಬರುತ್ತದೆ. ಎರಡೇ ಡಿಗ್ರಿ ತಪ್ಪು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇದೇ ಅಭ್ಯಾಸವನ್ನು ಎಸ್ ಟೈಪ್‌ಗೆ ತಂದರೆ ಗ್ರಹಚಾರ. ಟರ್ಮಿನಲ್ 40 ಡಿಗ್ರಿ, ಕುಲುಮೆ 1000 ಡಿಗ್ರಿ ಇದ್ದಾಗ ಸಿಗುವುದು 9.587ರಲ್ಲಿ 0.235 ಕಳೆದರೆ ಉಳಿಯುವ 9.352 ಮಿಲಿವೋಲ್ಟ್. ಪಟ್ಟಿಯಲ್ಲಿ ಅದು ಸುಮಾರು 980 ಡಿಗ್ರಿ. ಅದಕ್ಕೆ 40 ಕೂಡಿಸಿದರೆ 1020! ಇಪ್ಪತ್ತು ಡಿಗ್ರಿ ಜಾಸ್ತಿ. ಎಸ್ ಟೈಪ್ ಒಂದೊಂದು ಡಿಗ್ರಿಗೆ ಕೊಡುವ ವೋಲ್ಟೇಜ್ ತಂಪಿನಲ್ಲಿ ಕಡಿಮೆ, ಬಿಸಿಯಲ್ಲಿ ಹೆಚ್ಚು. ಅದಕ್ಕೇ ಹೀಗೆ.

## ಬೇಕಾದ ಸಾಮಾನು

ಮಿಲಿವೋಲ್ಟ್‌ನಲ್ಲಿ ಕನಿಷ್ಠ ಎರಡು ದಶಮಾಂಶ ತೋರಿಸುವ ಮಲ್ಟಿಮೀಟರ್ ಬೇಕು. ಮೂರು ದಶಮಾಂಶ ಇದ್ದರೆ ಇನ್ನೂ ಒಳ್ಳೆಯದು. ಸಾಮಾನ್ಯ ಮೀಟರಿನ 200 ಮಿಲಿವೋಲ್ಟ್ ರೇಂಜ್ 0.1 ಹೆಜ್ಜೆಯಲ್ಲಿ ಓದುತ್ತದೆ. ಕೆ ಟೈಪ್‌ನಲ್ಲಿ ಆ ಒಂದು ಹೆಜ್ಜೆಯೇ ಎರಡೂವರೆ ಡಿಗ್ರಿ. ಅದರಲ್ಲಿ ಈ ಕೆಲಸ ಆಗದು.

ಟರ್ಮಿನಲ್ ತಾಪಮಾನ ನೋಡಲು ತೆಳ್ಳಗಿನ, ಮುಟ್ಟಿ ಅಳೆಯುವ ಪ್ರೋಬ್ ಬೇಕು. ದೂರದಿಂದ ಗುರಿ ಇಡುವ ಇನ್‌ಫ್ರಾರೆಡ್ ಗನ್ ಇಲ್ಲಿ ಬೇಡವೇ ಬೇಡ. ಹೊಳೆಯುವ ಸ್ಕ್ರೂ ತಲೆಯ ಮೇಲೆ ಅದು ಸುಳ್ಳು ಹೇಳುತ್ತದೆ.

ಇವುಗಳ ಜೊತೆ ಒಂದು ತುಂಡು ತಾಮ್ರದ ತಂತಿ, ಚಿಕ್ಕ ಅಯಸ್ಕಾಂತ, ನಿಮ್ಮ ಟೈಪಿನ ಮಿಲಿವೋಲ್ಟ್ ಪಟ್ಟಿ, ಸಿಕ್ಕರೆ ಒಂದು ಕ್ಯಾಲಿಬ್ರೇಟರ್ (ಬೇಕಾದ ಮಿಲಿವೋಲ್ಟ್ ಕೊಟ್ಟು ಉಪಕರಣ ಪರೀಕ್ಷಿಸುವ ಸಾಧನ).

## ಹಂತ 1: ಲೂಪ್ ಅನ್ನು ಮ್ಯಾನ್ಯುವಲ್‌ಗೆ ಹಾಕಿ, ಹೀಟರ್ ಪವರ್ ತೆಗೆಯಿರಿ

ಲೂಪ್ ಅಂದರೆ ರೀಡಿಂಗ್ ನೋಡಿಕೊಂಡು ಹೀಟರ್ ಏರಿಸಿ ಇಳಿಸುವ ನಿಯಂತ್ರಣ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂದೆ ನಾವು ಇನ್‌ಪುಟ್ ಅನ್ನು ಶಾರ್ಟ್ ಮಾಡುತ್ತೇವೆ. ಆಗ ಕಂಟ್ರೋಲರ್‌ಗೆ ಕುಲುಮೆ ತಣ್ಣಗಾದಂತೆ ಕಾಣುತ್ತದೆ. ಲೂಪ್ ಆಟೋದಲ್ಲಿದ್ದರೆ ಹೀಟರ್ ಪೂರ್ತಿ ಆನ್ ಆಗುತ್ತದೆ. ತಂತಿ ಬಿಚ್ಚಿದಾಗಲೂ ಅಪಾಯ ಇದೆ. ತಂತಿ ತುಂಡಾದಾಗ ಏನು ತೋರಿಸಬೇಕು ಎನ್ನುವ ಬರ್ನ್‌ಔಟ್ ಸೆಟ್ಟಿಂಗ್ ಡೌನ್‌ಸ್ಕೇಲ್‌ನಲ್ಲಿದ್ದರೆ (ಅಂದರೆ ಕನಿಷ್ಠ ರೀಡಿಂಗ್ ತೋರಿಸುವಂತೆ) ಅದೇ ಕಥೆ.

ಇನ್ನೊಂದು: ಎಲೆಕ್ಟ್ರಿಕ್ ಕುಲುಮೆಯಲ್ಲಿ ಒಳಗಿನ ಇನ್ಸುಲೇಶನ್ ಹಾಳಾಗಿದ್ದರೆ ಥರ್ಮೋಕಪಲ್ ತಂತಿಗೆ ಹೀಟರ್ ವೋಲ್ಟೇಜ್ ಬಂದಿರಬಹುದು. ಮಿಲಿವೋಲ್ಟ್ ತಾನೇ ಅಂತ ಬರಿಗೈಯಲ್ಲಿ ಹಿಡಿಯಬೇಡಿ. ಪವರ್ ತೆಗೆಯುವ ಮುಂಚೆಯೇ ಎರಡೂ ತಂತಿಗಳಿಂದ ಅರ್ಥ್‌ಗೆ ಎಸಿ ವೋಲ್ಟೇಜ್ ನೋಡಿ. ಅಲ್ಲಿ ಏನಾದರೂ ಕಂಡರೆ ಮೊದಲು ಅದನ್ನು ಸರಿಮಾಡಿ.

## ಹಂತ 2: ಕೋಲ್ಡ್ ಜಂಕ್ಷನ್ ಎಲ್ಲಿದೆ ಅಂತ ಕಾಗದದ ಮೇಲೆ ಬರೆಯಿರಿ

ಸೆನ್ಸರ್ ಹೆಡ್‌ನಿಂದ (ಕುಲುಮೆಯ ಹೊರಗೆ ಥರ್ಮೋಕಪಲ್ ತಲೆಯಲ್ಲಿರುವ ಟರ್ಮಿನಲ್ ಡಬ್ಬಿ) ರೀಡಿಂಗ್ ತೋರಿಸುವ ಉಪಕರಣದವರೆಗೆ ಕೇಬಲ್ ಹಿಡಿದುಕೊಂಡು ಹೋಗಿ. ಪ್ರತಿ ಜಂಕ್ಷನ್ ಬಾಕ್ಸ್, ಪ್ರತಿ ಪ್ಲಗ್ ಬರೆದುಕೊಳ್ಳಿ. ಡ್ರಾಯಿಂಗ್ ನಂಬಿ ಕೂರಬೇಡಿ. ಡ್ರಾಯಿಂಗ್ ಮಾಡಿದ ಮೇಲೆ ಯಾರೋ ಒಬ್ಬರು ಮಧ್ಯೆ ಎರಡು ಮೀಟರ್ ತಾಮ್ರದ ತಂತಿ ಜೋಡಿಸಿರುತ್ತಾರೆ.

ಸಾಮಾನ್ಯವಾಗಿ ಮೂರು ಬಗೆ ಸಿಗುತ್ತದೆ. ಥರ್ಮೋಕಪಲ್ ಕೇಬಲ್ ಸೀದಾ ಕಂಟ್ರೋಲರ್ ಅಥವಾ ಪಿಎಲ್‌ಸಿ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಕಾರ್ಡಿಗೆ ಬಂದರೆ ಜಂಕ್ಷನ್ ಅಲ್ಲಿನ ಸ್ಕ್ರೂಗಳಲ್ಲಿದೆ. ಹೆಡ್‌ನಲ್ಲೇ ಮಿಲಿವೋಲ್ಟ್ ಅನ್ನು ಕರೆಂಟ್ ಸಿಗ್ನಲ್ ಮಾಡುವ ಟ್ರಾನ್ಸ್‌ಮಿಟರ್ ಇದ್ದರೆ ಜಂಕ್ಷನ್ ಹೆಡ್ ಒಳಗೇ ಮುಗಿಯಿತು. ಅಲ್ಲಿಂದ ಬರುವುದು 4ರಿಂದ 20 ಮಿಲಿಆಂಪ್, ಮಾಮೂಲಿ ತಾಮ್ರದ ಕೇಬಲ್ ಸಾಕು. ಮೂರನೆಯದು, ಹತ್ತಾರು ಥರ್ಮೋಕಪಲ್‌ಗಳನ್ನು ಒಂದು ಪೆಟ್ಟಿಗೆಗೆ ತಂದು, ಆ ಪೆಟ್ಟಿಗೆಯ ತಾಪಮಾನವನ್ನು ಪಿಟಿ100 ಎಂಬ ಪ್ಲಾಟಿನಂ ಸೆನ್ಸರ್‌ನಿಂದ ಅಳೆದು, ಅಲ್ಲಿಂದ ಮುಂದಕ್ಕೆ ತಾಮ್ರ ಎಳೆಯುವುದು. ಇಲ್ಲಿ ಆ ಪೆಟ್ಟಿಗೆಯೇ ಕೋಲ್ಡ್ ಜಂಕ್ಷನ್.

## ಹಂತ 3: ಶಾರ್ಟ್ ಪರೀಕ್ಷೆ

ಚಿಕ್ಕ ಕೆಲಸ, ಆದರೆ ಸಮಸ್ಯೆಯನ್ನು ಎರಡು ಹೋಳು ಮಾಡಿ ಕೊಡುತ್ತದೆ. ಇನ್‌ಪುಟ್‌ನಿಂದ ಥರ್ಮೋಕಪಲ್‌ನ ಎರಡೂ ತಂತಿ ಬಿಚ್ಚಿ. ಆ ಎರಡು ಟರ್ಮಿನಲ್‌ಗಳ ನಡುವೆ ತಾಮ್ರದ ತುಂಡು ಹಾಕಿ ಬಿಗಿ ಮಾಡಿ. ಪಕ್ಕದಲ್ಲೇ ಪ್ರೋಬ್ ಇಡಿ. ಪ್ಯಾನೆಲ್ ಬಾಗಿಲು ಮುಚ್ಚಿ, ಪ್ರೋಬ್ ತಂತಿಯನ್ನು ಸಂದಿಯಿಂದ ಹೊರಗೆ ತನ್ನಿ. ಹತ್ತು ಹದಿನೈದು ನಿಮಿಷ ಬಿಡಿ.

ಈಗ ಉಪಕರಣ ತೋರಿಸಬೇಕಾದದ್ದು ಟರ್ಮಿನಲ್‌ನ ತಾಪಮಾನ. ಕೋಣೆಯ ತಾಪಮಾನ ಅಲ್ಲ, ಟರ್ಮಿನಲ್‌ನದು. ಪ್ರೋಬ್ ಜೊತೆ ಒಂದೆರಡು ಡಿಗ್ರಿಯೊಳಗೆ ಹೊಂದಿದರೆ ಉಪಕರಣ ಸರಿ ಇದೆ, ತಪ್ಪು ಹೊರಗಿದೆ. ಹಂತ 4ರ ಸೆಟ್ಟಿಂಗ್ ಒಮ್ಮೆ ನೋಡಿ ಹಂತ 5ಕ್ಕೆ ಹೋಗಿ. 0 ತೋರಿಸಿದರೆ ಕಾಂಪೆನ್ಸೇಶನ್ (ಕೋಲ್ಡ್ ಜಂಕ್ಷನ್‌ನ ಕೊರತೆ ಕೂಡಿಸುವುದು, ಚಿಕ್ಕದಾಗಿ ಸಿಜೆಸಿ) ಆಫ್ ಆಗಿದೆ. ಟರ್ಮಿನಲ್‌ಗಿಂತ ಹತ್ತು ಹನ್ನೆರಡು ಡಿಗ್ರಿ ದೂರ ಇದ್ದರೆ ಒಳಗಿನ ಸಿಜೆಸಿ ಸೆನ್ಸರ್ ಸಡಿಲವಾಗಿದೆ, ಹಾಳಾಗಿದೆ ಅಥವಾ ಬೇರೆ ಜಾಗದ ಬಿಸಿ ಓದುತ್ತಿದೆ. ಕೆಲವು ಪಿಎಲ್‌ಸಿ ಕಾರ್ಡ್‌ಗಳಲ್ಲಿ ಈ ಸೆನ್ಸರ್ ಟರ್ಮಿನಲ್‌ಗೇ ಸ್ಕ್ರೂ ಮಾಡುವ ಪುಟ್ಟ ಥರ್ಮಿಸ್ಟರ್. ಇದೇನೋ ಬೇಡದ ತುಂಡು ಅಂತ ಅದನ್ನು ಕಿತ್ತು ಡಬ್ಬಿಗೆ ಹಾಕಿದವರನ್ನು ನಾನು ನೋಡಿದ್ದೇನೆ.

ಬಿ ಟೈಪ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. 0ರಿಂದ 50 ಡಿಗ್ರಿಯವರೆಗೆ ಅದು ಕೊಡುವುದು ಎರಡು ಮೂರು ಮೈಕ್ರೋವೋಲ್ಟ್ ಅಷ್ಟೇ. ಒಳ್ಳೆಯ ಸುದ್ದಿ ಏನೆಂದರೆ, ಅದೇ ಕಾರಣಕ್ಕೆ ಅದಕ್ಕೆ ಕಾಂಪೆನ್ಸೇಶನ್ ಚಿಂತೆಯೂ ಇಲ್ಲ.

## ಹಂತ 4: ಸೆಟ್ಟಿಂಗ್ ನೋಡಿ

ಇನ್‌ಪುಟ್ ಟೈಪ್ ನಿಜವಾದ ಥರ್ಮೋಕಪಲ್‌ಗೆ ಹೊಂದಬೇಕು. ಸಿಜೆಸಿ ಇಂಟರ್ನಲ್ ಇರಬೇಕೋ ಎಕ್ಸ್‌ಟರ್ನಲ್ ಇರಬೇಕೋ ಎಂಬುದಕ್ಕೆ ಉತ್ತರ ಹಂತ 2ರ ನಿಮ್ಮ ಚಿತ್ರದಲ್ಲಿದೆ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಎರಡು: ಬೇರೆ ಜಾಗದ ತಾಪಮಾನ ಕೂಡಿಸುವುದು, ಎರಡು ಸಲ ಕೂಡಿಸುವುದು. ಹೊರಗಿನ ಪೆಟ್ಟಿಗೆಯನ್ನು 50 ಡಿಗ್ರಿಯಲ್ಲಿ ಕಾಯ್ದಿಟ್ಟಿರುತ್ತಾರೆ, ಉಪಕರಣದಲ್ಲಿ ಎಕ್ಸ್‌ಟರ್ನಲ್ 50 ಅಂತ ಹಾಕಿರುತ್ತಾರೆ, ಸರಿ. ಕಾರ್ಡ್ ಬದಲಾಯಿಸಿದ ದಿನ ಹೊಸದು ಇಂಟರ್ನಲ್‌ನಲ್ಲೇ ಬಂದು ಕೂತಿರುತ್ತದೆ. ಆಗ 50 ಡಿಗ್ರಿಯ ಬದಲು ಪ್ಯಾನೆಲ್‌ನ ತಾಪಮಾನ ಕೂಡುತ್ತದೆ. ಇನ್ನೊಂದು ಕಡೆ ಕಾರ್ಡ್ ಈಗಾಗಲೇ ಡಿಗ್ರಿ ಕೊಡುತ್ತಿದ್ದರೂ ಪಿಎಲ್‌ಸಿ ಪ್ರೋಗ್ರಾಮ್‌ನಲ್ಲಿ ಮತ್ತೊಮ್ಮೆ ಪ್ಯಾನೆಲ್ ತಾಪಮಾನ ಕೂಡಿಸಿರುತ್ತಾರೆ.

ಪ್ರೋಗ್ರಾಮ್‌ನಲ್ಲೇ ಲೆಕ್ಕ ಮಾಡುವವರಿಗೆ ಕ್ರಮ ಇಷ್ಟು: ಟರ್ಮಿನಲ್ ತಾಪಮಾನ ಓದಿ. ಅದನ್ನು ಮಿಲಿವೋಲ್ಟ್ ಮಾಡಿ. ಅಳೆದ ಮಿಲಿವೋಲ್ಟ್‌ಗೆ ಕೂಡಿಸಿ. ಮೊತ್ತವನ್ನು ಡಿಗ್ರಿ ಮಾಡಿ. ಕೆ ಟೈಪ್‌ನಲ್ಲಿ ಟರ್ಮಿನಲ್ ಭಾಗಕ್ಕೆ ಒಂದು ಡಿಗ್ರಿಗೆ 0.0405 ಮಿಲಿವೋಲ್ಟ್ ಅಂತ ಸರಳವಾಗಿ ಹಾಕಿದರೂ 0ರಿಂದ 50 ಡಿಗ್ರಿಯೊಳಗೆ ತಪ್ಪು ಅರ್ಧ ಡಿಗ್ರಿ ದಾಟುವುದಿಲ್ಲ. ಆದರೆ ಬಿಸಿ ಭಾಗಕ್ಕೆ ಈ ಅಡ್ಡದಾರಿ ಬೇಡ. ಅಲ್ಲಿ ಪೂರ್ತಿ ಪಟ್ಟಿಯೇ ಬೇಕು.

## ಹಂತ 5: ಕೇಬಲ್ ಮತ್ತು ಪ್ಲಸ್ ಮೈನಸ್

ಇಲ್ಲಿ ನಿಧಾನವಾಗಿ ನಡೆಯಿರಿ. ಹೊರಗಿನ ತಪ್ಪುಗಳೆಲ್ಲ ಇಲ್ಲೇ ಅಡಗಿರುತ್ತವೆ.

ಹೆಡ್‌ನಿಂದ ಪ್ಯಾನೆಲ್‌ಗೆ ತಾಮ್ರದ ಕೇಬಲ್ ಎಳೆದಿದ್ದರೆ ಕೋಲ್ಡ್ ಜಂಕ್ಷನ್ ಹೆಡ್‌ಗೆ ಓಡಿಹೋಯಿತು ಅಂತಲೇ ಅರ್ಥ. ಉಪಕರಣ ಕೂಡಿಸುತ್ತಿರುವುದು ಮಾತ್ರ ಪ್ಯಾನೆಲ್‌ನ ತಾಪಮಾನವನ್ನು. ಹೆಡ್ 70 ಡಿಗ್ರಿ, ಪ್ಯಾನೆಲ್ 32 ಡಿಗ್ರಿ ಇದ್ದರೆ ಕೆ ಟೈಪ್ ಸುಮಾರು 38 ಡಿಗ್ರಿ ಕಡಿಮೆ ತೋರಿಸುತ್ತದೆ. ಕುಲುಮೆ ಹೊತ್ತಿಸಿದ ಶುರುವಿನಲ್ಲಿ ಹೆಡ್ ಇನ್ನೂ ತಣ್ಣಗಿರುವುದರಿಂದ ರೀಡಿಂಗ್ ಸರಿ ಇದ್ದಂತೆ ಕಾಣುತ್ತದೆ. ಹೆಡ್ ಕಾಯುತ್ತಾ ಹೋದಂತೆ ತಪ್ಪು ಬೆಳೆಯುತ್ತದೆ.

ಪ್ಲಸ್ ಮೈನಸ್ ಒಂದು ಕಡೆ ಮಾತ್ರ ತಿರುವುಮುರುವಾಗಿದ್ದರೆ ಬೇಗ ಗೊತ್ತಾಗುತ್ತದೆ. ಕಾಯಿಸಿದಂತೆ ರೀಡಿಂಗ್ ಕೆಳಗೆ ಹೋಗುತ್ತದೆ. ಆಗ ಏನಾಗುತ್ತದೆ ಅಂದರೆ, ಯಾರೋ ಬಂದು ತಪ್ಪಾದ ತುದಿಯನ್ನು ಬಿಟ್ಟು ಕೇಬಲ್‌ನ ಇನ್ನೊಂದು ತುದಿ ತಿರುಗಿಸುತ್ತಾರೆ. ರೀಡಿಂಗ್ ಮೇಲೇರುತ್ತದೆ, ಎಲ್ಲರಿಗೂ ಖುಷಿ. ನಿಜದಲ್ಲಿ ಈಗ ಕೇಬಲ್ ಎರಡೂ ತುದಿಯಲ್ಲಿ ಉಲ್ಟಾ ಆಗಿದೆ. ತಪ್ಪು ಹೆಡ್ ಮತ್ತು ಪ್ಯಾನೆಲ್ ನಡುವಿನ ವ್ಯತ್ಯಾಸದ ಎರಡರಷ್ಟು! ಮೇಲಿನ ಉದಾಹರಣೆಯಲ್ಲೇ ಸುಮಾರು 76 ಡಿಗ್ರಿ ಕಡಿಮೆ. ತಾಮ್ರ ಹಾಕಿದ್ದರೇ ವಾಸಿ ಇತ್ತು.

ಬಣ್ಣ ನೋಡಿ ಹೇಳುತ್ತೇನೆ ಅನ್ನುವವರು ಯಾವ ದೇಶದ ಕೇಬಲ್ ಅಂತ ಮೊದಲು ನೋಡಬೇಕು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60584 ಪ್ರಕಾರ ಕೆ ಟೈಪ್‌ಗೆ ಹಸಿರು ಪ್ಲಸ್, ಬಿಳಿ ಮೈನಸ್. ಅದರಲ್ಲಿ ಎಲ್ಲ ಟೈಪಿಗೂ ಬಿಳಿಯೇ ಮೈನಸ್. ಅಮೆರಿಕದ ಆನ್ಸಿ ಪದ್ಧತಿಯಲ್ಲಿ ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಅಲ್ಲಿ ಕೆಂಪೇ ಯಾವಾಗಲೂ ಮೈನಸ್. ಬ್ಯಾಟರಿ ವೈರಿಂಗ್ ಮಾಡಿ ಬಂದವರು ಕೆಂಪನ್ನು ಕಣ್ಣುಮುಚ್ಚಿ ಪ್ಲಸ್‌ಗೆ ಹಾಕುವುದು ಇಲ್ಲೇ. ಜೆ ಟೈಪ್ ಇನ್ನೂ ತಮಾಷೆ: ಆನ್ಸಿಯಲ್ಲಿ ಬಿಳಿ ಪ್ಲಸ್, ಐಇಸಿಯಲ್ಲಿ ಬಿಳಿ ಮೈನಸ್. ಹಳೆಯ ಜರ್ಮನ್ ಯಂತ್ರಗಳಲ್ಲಿ ಕೆಂಪು ಪ್ಲಸ್.

ಹಾಗಾಗಿ ಬಣ್ಣಕ್ಕಿಂತ ಪರೀಕ್ಷೆ ನಂಬಿ. ಕೆ ಟೈಪ್‌ನ ಮೈನಸ್ ತಂತಿ ಅಯಸ್ಕಾಂತಕ್ಕೆ ಅಂಟುತ್ತದೆ, ಪ್ಲಸ್ ಅಂಟುವುದಿಲ್ಲ. ಜೆ ಟೈಪ್‌ನಲ್ಲಿ ಕಬ್ಬಿಣದ ತಂತಿಯೇ ಪ್ಲಸ್, ಅದು ಅಂಟುತ್ತದೆ. ಕಾಂಪೆನ್ಸೇಟಿಂಗ್ ಕೇಬಲ್‌ನಲ್ಲಿ ಲೋಹವೇ ಬೇರೆ ಆಗಿರಬಹುದಾದ್ದರಿಂದ ಅಲ್ಲಿ ಅಯಸ್ಕಾಂತ ಬೇಡ. ಕೇಬಲ್‌ನ ಒಂದು ತುದಿಯ ಎರಡು ತಂತಿಗಳನ್ನು ಹೆಣೆದು ಬಿಸಿನೀರಿನಲ್ಲಿ ಅದ್ದಿ, ಇನ್ನೊಂದು ತುದಿಯಲ್ಲಿ ಮಿಲಿವೋಲ್ಟ್ ನೋಡಿ. ಮೀಟರ್ ಪ್ಲಸ್ ತೋರಿಸಿದಾಗ ಕೆಂಪು ಪ್ರೋಬ್ ಇರುವ ತಂತಿಯೇ ಪ್ಲಸ್.

ಎಕ್ಸ್‌ಟೆನ್ಶನ್ ಕೇಬಲ್ ಬೇರೆ, ಕಾಂಪೆನ್ಸೇಟಿಂಗ್ ಕೇಬಲ್ ಬೇರೆ. ಕೆಎಕ್ಸ್ ಅಂತ ಬರೆದಿದ್ದರೆ ಥರ್ಮೋಕಪಲ್‌ನದೇ ಲೋಹ. ಕೆಸಿಬಿ ಅಂತಿದ್ದರೆ ಅಗ್ಗದ ಬದಲಿ ಲೋಹ, 100 ಡಿಗ್ರಿಯವರೆಗೆ ಮಾತ್ರ ಅದು ಕೆ ಟೈಪ್‌ನಂತೆ ನಟಿಸುತ್ತದೆ. ಹೆಡ್ 140 ಡಿಗ್ರಿ ಕಾಯುವ ಕಡೆ ಕೆಸಿಬಿ ಹಾಕಿದರೆ ನಟನೆ ಕೆಡುತ್ತದೆ.

ಮಧ್ಯದ ಟರ್ಮಿನಲ್ ಪಟ್ಟಿಗಳು ಹಿತ್ತಾಳೆಯದ್ದಾದರೆ ಹೆದರಬೇಡಿ. ತಂತಿ ಒಳಬರುವ ಕಡೆ, ಹೊರಹೋಗುವ ಕಡೆ ಒಂದೇ ತಾಪಮಾನ ಇದ್ದರೆ ಮಧ್ಯದ ಲೋಹ ತೊಂದರೆ ಕೊಡುವುದಿಲ್ಲ. ಕುಲುಮೆಯ ಗೋಡೆಗೆ ಅಂಟಿಸಿದ ಬಾಕ್ಸ್‌ನಲ್ಲಿ ಹಾಗಿರುವುದಿಲ್ಲ. ಅಲ್ಲಿ ಥರ್ಮೋಕಪಲ್ ಲೋಹದ ಟರ್ಮಿನಲ್ ಅಥವಾ ಕನೆಕ್ಟರ್ ಹಾಕಿ, ಇಲ್ಲವೇ ಬಾಕ್ಸ್ ಅನ್ನೇ ದೂರ ಸರಿಸಿ.

## ಹಂತ 6: ಕೈಯಲ್ಲಿ ಒಮ್ಮೆ ಲೆಕ್ಕ ಹಾಕಿ

ಕೇಬಲ್ ಮತ್ತೆ ಜೋಡಿಸಿ, ಕುಲುಮೆಯನ್ನು ಎಂದಿನ ತಾಪಮಾನಕ್ಕೆ ತಂದು ನಿಲ್ಲಿಸಿ. ಅದು ಸ್ಥಿರವಾದ ಮೇಲೆ ಇನ್‌ಪುಟ್ ಟರ್ಮಿನಲ್‌ನಲ್ಲಿ ಮಿಲಿವೋಲ್ಟ್ ಅಳೆಯಿರಿ, ಅದೇ ಹೊತ್ತಿಗೆ ಟರ್ಮಿನಲ್ ತಾಪಮಾನ ಬರೆದುಕೊಳ್ಳಿ. ಮೊದಲು ಹೇಳಿದ ಲೆಕ್ಕ ಮಾಡಿ. ನಿಮ್ಮ ಉತ್ತರ, ಉಪಕರಣದ ರೀಡಿಂಗ್ ಎರಡೂ ಹೊಂದಿದರೆ ಕಾಂಪೆನ್ಸೇಶನ್ ಕೆಲಸ ಮಾಡುತ್ತಿದೆ. ಇನ್ನೂ ತಪ್ಪಿದೆ ಅನಿಸಿದರೆ ಅದು ಥರ್ಮೋಕಪಲ್ ಅಥವಾ ಅದನ್ನು ಕೂರಿಸಿದ ಜಾಗದ ವಿಷಯ.

ಎಷ್ಟು ತಪ್ಪಿದರೆ ತಪ್ಪು? ಕೆ ಟೈಪ್ ಎರಡನೇ ದರ್ಜೆ ಥರ್ಮೋಕಪಲ್‌ಗೆ 600 ಡಿಗ್ರಿಯಲ್ಲಿ 4.5 ಡಿಗ್ರಿ ಆಚೀಚೆ ಮಾನ್ಯ. ಅದೇ ದರ್ಜೆಯ ಕೆಎಕ್ಸ್ ಕೇಬಲ್ ಇನ್ನೊಂದು 2.5 ಡಿಗ್ರಿ ಸೇರಿಸಬಹುದು. ಹೀಗಿರುವಾಗ ಒಂದು ಡಿಗ್ರಿಯ ಹಿಂದೆ ಸುಮ್ನೆ ದಿನವೆಲ್ಲ ಓಡಬೇಡಿ.

## ಹಂತ 7: ಕ್ಯಾಲಿಬ್ರೇಟರ್ ಇದ್ದರೆ

ಎರಡು ದಾರಿ ಇವೆ. ಕ್ಯಾಲಿಬ್ರೇಟರ್ ಅನ್ನು ಥರ್ಮೋಕಪಲ್ ಮೋಡ್‌ನಲ್ಲಿ, ಅದರ ಸ್ವಂತ ಸಿಜೆಸಿ ಆನ್ ಮಾಡಿ ಬಳಸಿದರೆ ಮಧ್ಯದ ತಂತಿ ಅದೇ ಟೈಪಿನ ಥರ್ಮೋಕಪಲ್ ಕೇಬಲ್ ಆಗಿರಲೇಬೇಕು. ಬರೀ ಮಿಲಿವೋಲ್ಟ್ ಮೋಡ್ ಆದರೆ ತಾಮ್ರದ ತಂತಿ ಸರಿ. ಆಗ ಕಳೆಯುವ ಲೆಕ್ಕ ನಿಮ್ಮದು: ಟರ್ಮಿನಲ್ 35 ಇದ್ದು 600 ತೋರಿಸಬೇಕಾದರೆ 23.498 ಕೊಡಿ.

ಥರ್ಮೋಕಪಲ್ ಮೋಡ್‌ಗೆ ತಾಮ್ರ ಹಾಕಿದಾಗ ಕ್ಯಾಲಿಬ್ರೇಟರ್ ಮತ್ತು ಉಪಕರಣದ ಟರ್ಮಿನಲ್‌ಗಳ ತಾಪಮಾನ ವ್ಯತ್ಯಾಸ ಪೂರ್ತಿ ತಪ್ಪಾಗಿ ಕಾಣುತ್ತದೆ. ತಂಪಾದ ಕೋಣೆಯಿಂದ ಆಗತಾನೇ ತಂದ ಕ್ಯಾಲಿಬ್ರೇಟರ್ ಆದರೆ ಕೇಳುವುದೇ ಬೇಡ. ಅರ್ಧ ಗಂಟೆಯಾದರೂ ಪಕ್ಕದಲ್ಲಿಟ್ಟು ಕಾಯಿರಿ.

ಐಸ್ ಬಾತ್ ಬಳಸುವವರಿಗೆ ಒಂದೇ ಮಾತು. ನೀರಿನ ಮೇಲೆ ನಾಲ್ಕು ತುಂಡು ಐಸ್ ತೇಲಿಸಿದರೆ ತಳದಲ್ಲಿ 4 ಡಿಗ್ರಿ ನೀರು ನಿಂತಿರಬಹುದು, ಏಕೆಂದರೆ ನೀರು ಅತಿ ಭಾರವಾಗಿರುವುದು ಅದೇ ತಾಪಮಾನದಲ್ಲಿ. ಶುದ್ಧ ನೀರಿನ ಐಸ್ ಅನ್ನು ಪುಡಿಮಾಡಿ, ಫ್ಲಾಸ್ಕ್‌ನ ತಳದವರೆಗೂ ತುಂಬಿ, ಸಂದಿ ತುಂಬುವಷ್ಟು ಮಾತ್ರ ನೀರು ಹಾಕಿ.

## ಹಂತ 8: ಪ್ಯಾನೆಲ್ ಒಳಗಿನ ಬಿಸಿ

ಸಿಜೆಸಿ ಸೆನ್ಸರ್ ಎಷ್ಟೇ ಚೆನ್ನಾಗಿದ್ದರೂ ಅದು ಓದುವುದು ತಾನಿರುವ ಜಾಗವನ್ನು. ಸ್ಕ್ರೂ ಮತ್ತು ಸೆನ್ಸರ್ ನಡುವೆ ಮೂರು ಡಿಗ್ರಿ ವ್ಯತ್ಯಾಸ ಇದ್ದರೆ ಕೆ ಟೈಪ್ ರೀಡಿಂಗ್‌ನಲ್ಲಿ ಮೂರು ಡಿಗ್ರಿ ತಪ್ಪು. 1000 ಡಿಗ್ರಿಯಲ್ಲಿರುವ ಎಸ್ ಟೈಪ್‌ಗೆ ಇದರ ಅರ್ಧದಷ್ಟು.

ಒಮ್ಮೆ ಒಂದು ಪ್ಯಾನೆಲ್‌ನಲ್ಲಿ ಎರಡು ದಿನ ಒದ್ದಾಡಿದ್ದೆ. ಬಾಗಿಲು ತೆಗೆದು ಅಳೆದರೆ ಎಲ್ಲ ಸರಿ. ಮುಚ್ಚಿ ಹೋದರೆ ಅರ್ಧ ಗಂಟೆಗೆ ದೂರು. ಕೊನೆಗೆ ನೋಡಿದರೆ ಕಾರ್ಡಿನ ಸರಿಯಾಗಿ ಕೆಳಗೆ ಪವರ್ ಸಪ್ಲೈ ಕೂತಿತ್ತು. ಬಿಸಿಗಾಳಿ ಮೇಲೆದ್ದು ಕಾರ್ಡಿನ ಒಂದು ಕೊನೆಯನ್ನು ಮಾತ್ರ ಕಾಯಿಸುತ್ತಿತ್ತು. ಸೆನ್ಸರ್ ಇದ್ದದ್ದು ಇನ್ನೊಂದು ಕೊನೆಯಲ್ಲಿ. ಬಾಗಿಲು ಮುಚ್ಚಿಯೇ ಅಳೆಯಿರಿ ಅಂತ ಹಂತ 3ರಲ್ಲಿ ಹೇಳಿದ್ದು ಇದಕ್ಕೇ.

ಡ್ರೈವ್, ಟ್ರಾನ್ಸ್‌ಫಾರ್ಮರ್, ಪವರ್ ಸಪ್ಲೈ, ಎಸ್‌ಎಸ್‌ಆರ್ (ಹೀಟರ್ ಆನ್ ಆಫ್ ಮಾಡುವ ಸಾಲಿಡ್ ಸ್ಟೇಟ್ ರಿಲೇ) ಹೀಟ್‌ಸಿಂಕ್ ಇವು ಯಾವುದೂ ಥರ್ಮೋಕಪಲ್ ಕಾರ್ಡಿನ ಕೆಳಗೆ ಇರಬಾರದು. ಫ್ಯಾನ್ ಗಾಳಿ ಟರ್ಮಿನಲ್ ಮೇಲೆ ನೇರ ಬೀಳಬಾರದು. ಟರ್ಮಿನಲ್ ಮುಚ್ಚಳ ಹಾಕಿಯೇ ಇರಲಿ, ಅದು ಧೂಳಿಗೆ ಮಾತ್ರ ಅಲ್ಲ. ಪವರ್ ಕೊಟ್ಟ ಮೊದಲ ಅರ್ಧ ಗಂಟೆಯ ರೀಡಿಂಗ್ ಇಟ್ಟುಕೊಂಡು ತೀರ್ಪು ಕೊಡಬೇಡಿ.

## ಯಾವ ಲಕ್ಷಣಕ್ಕೆ ಯಾವ ಹಂತ

ಎಲ್ಲ ಚಾನೆಲ್ (ಒಂದೊಂದು ಥರ್ಮೋಕಪಲ್‌ನ ಇನ್‌ಪುಟ್) ಒಟ್ಟಿಗೆ ಒಂದೇ ಕಡೆ ಸರಿದರೆ ಸಿಜೆಸಿ ಸೆನ್ಸರ್ ಅಥವಾ ಸೆಟ್ಟಿಂಗ್, ಹಂತ 3 ಮತ್ತು 4. ಕಾರ್ಡಿನ ಒಂದು ಕೊನೆಯ ಚಾನೆಲ್‌ಗಳು ಮಾತ್ರ ತಪ್ಪಿದರೆ ಪ್ಯಾನೆಲ್ ಬಿಸಿ, ಹಂತ 8. ಒಂದೇ ಚಾನೆಲ್ ಆದರೆ ಕೇಬಲ್, ಹಂತ 5. ಕುಲುಮೆ ಉರಿಯುತ್ತಿದ್ದರೂ ರೀಡಿಂಗ್ ಕೋಣೆಯ ತಾಪಮಾನದ ಹತ್ತಿರವೇ ನಿಂತಿದ್ದರೆ ಕೇಬಲ್ ಎಲ್ಲೋ ಶಾರ್ಟ್ ಆಗಿದೆ. ಉಪಕರಣ ಈಗ ಆ ಶಾರ್ಟ್ ಆದ ಜಾಗವನ್ನೇ ಅಳೆಯುತ್ತಿದೆ, ಬರ್ನ್‌ಔಟ್ ಅಲಾರಂ ಕೂಡ ಬರುವುದಿಲ್ಲ. ಇದನ್ನು ಕಂಡ ಕೂಡಲೇ ಹೀಟರ್ ಆಫ್ ಮಾಡಿ.

## ಹಂತ 9: ಹಳೆಯ ಆಫ್‌ಸೆಟ್ ತೆಗೆಯಿರಿ

ಇಷ್ಟಾದ ಮೇಲೆ ಮೆನುವಿಗೆ ಹೋಗಿ ಹಿಂದೆ ಯಾರೋ ತುಂಬಿದ ಸಂಖ್ಯೆಯನ್ನು 0 ಮಾಡಿ. ಹಳೆಯ ಬೆಲೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಆಫ್‌ಸೆಟ್ ಒಂದೇ ಸಂಖ್ಯೆ, ಟರ್ಮಿನಲ್ ತಾಪಮಾನ ದಿನವೆಲ್ಲ ಬದಲಾಗುವಂಥದ್ದು. ಕ್ಯಾಲಿಬ್ರೇಶನ್ ವರದಿಯಲ್ಲಿ ಬಂದ ಥರ್ಮೋಕಪಲ್ ತಿದ್ದುಪಡಿಗೆ ಅದನ್ನು ಬಳಸಿದರೆ ಸರಿ, ಕೋಲ್ಡ್ ಜಂಕ್ಷನ್ ತಪ್ಪು ಮುಚ್ಚಲು ಬೇಡ.

ಆಮೇಲೆ ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕುಲುಮೆಯ ರೀಡಿಂಗ್, ಟರ್ಮಿನಲ್ ತಾಪಮಾನ, ಟರ್ಮಿನಲ್‌ನಲ್ಲಿ ಸಿಗುವ ಮಿಲಿವೋಲ್ಟ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಟರ್ಮಿನಲ್ 28ರಿಂದ 42ಕ್ಕೆ ಏರಿದ ದಿನವೂ ಕೈಲೆಕ್ಕ ಮತ್ತು ರೀಡಿಂಗ್ ನಡುವಿನ ಅಂತರ ಅಷ್ಟೇ ಉಳಿದರೆ ಪ್ಯಾನೆಲ್ ಬಾಗಿಲಿಗೆ ಬೀಗ ಹಾಕಬಹುದು.